ಲೆನ್ಸಿನ ತಪ್ಪು

ಮದುವೆಯ ಫೋಟೋ ನೋಡಲು ಮದುಮಗಳ ತಾಯಿ ಸರ್ವಮಂಗಳಮ್ಮ ಕಿರಿಮಗಳನ್ನೂ ಕರೆದುಕೊಂಡು ಸ್ಟುಡಿಯೋಗೆ ಬಂದಾಗ ಫೋಟೋಗ್ರಾಫರ್ ವಾಗೀಶ ಒರೆಸಿದ್ದ ಕುರ್ಚಿಯನ್ನೇ ಮತ್ತೆ ಒರೆಸತೊಡಗಿದ. ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಳೆಯ ರಷ್ಯನ್ ಲೆನ್ಸ್ ಹಾಕಿ ತೆಗೆದ ಫೋಟೋಗಳವು. ಹಳೆಯದರ ಸೊಗಸೇ ಬೇರೆ ಎಂದು ಮದುವೆಗೆ ಮುಂಚೆ ಅವನೇ ಕೊಚ್ಚಿಕೊಂಡಿದ್ದ.

"ಧಾರೆ ಫೋಟೋದಲ್ಲಿ ಗಂಡು ಹೆಣ್ಣು ಇಬ್ಬರೂ ಮಸುಕು. ಹಿಂದೆ ಅಕ್ಷತೆ ತಟ್ಟೆ ಹಿಡಿದಿರೋ ಇವಳು ಮಾತ್ರ ಕಣ್ಣಿಗೆ ಕಟ್ಟೋ ಹಾಗಿದ್ದಾಳಲ್ಲಪ್ಪ," ಎಂದರು ಸರ್ವಮಂಗಳಮ್ಮ.

"ಹಳೇ ಲೆನ್ಸು ನೋಡಿ ಅಮ್ಮ. ಒಂದೊಂದ್ಸಲ ತಾನಾಗೇ ಎಲ್ಲೋ ಫೋಕಸ್ ಹಿಡಿದುಬಿಡುತ್ತೆ."

"ಹಾರ ಹಾಕೋವಾಗಲೂ ಇವಳನ್ನೇ ಹಿಡಿದಿದೆ. ಊಟದ ಪಂಕ್ತೀಲೂ ಇವಳನ್ನೇ."

"ಹಠಮಾರಿ ಲೆನ್ಸು ಅಮ್ಮ, ನನ್ನ ಮಾತೇ ಕೇಳಲ್ಲ."

ಕಿರಿಮಗಳು ಗೋಡೆಗೆ ತೂಗುಹಾಕಿದ್ದ ಯಾರದೋ ನಾಮಕರಣದ ಫೋಟೋವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

ಸರ್ವಮಂಗಳಮ್ಮ ಮೇಜಿನ ಮೇಲಿದ್ದ ಕ್ಯಾಮೆರಾ ಎತ್ತಿಕೊಂಡು, ಲೆನ್ಸಿನ ರಿಂಗನ್ನು ಪಳಗಿದ ಕೈಯಿಂದ ಮೆಲ್ಲಗೆ ತಿರುಗಿಸಿದರು.

"ಇದರ ಫೋಕಸ್ ಕೈಯಲ್ಲೇ ತಿರುಗಿಸಬೇಕು. ನಮ್ಮ ಯಜಮಾನರ ಹತ್ರಾನೂ ಇಂಥದ್ದೇ ಇತ್ತು," ಎಂದರು. "ನಮ್ಮಕ್ಕನ ಮದುವೇಲಿ ಅವರೇ ಫೋಟೋಗ್ರಾಫರು. ಅವರೂ ತಪ್ಪೆಲ್ಲ ಲೆನ್ಸಿನ ಮೇಲೇ ಹಾಕಿದ್ರು."