ಓಕುಳಿಯ ಹೆಜ್ಜೆ

ಅಂಬುಜಮ್ಮನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಡುಮನೆಯ ಬಿಳಿ ಕಾರ್ಪೆಟ್ಟಿನ ಮೇಲೆ ಎರಡು ಕೆಂಪು ಹೆಜ್ಜೆಗಳಿದ್ದವು. ಮನೆ ತುಂಬಿಸಿಕೊಂಡ ದಿನ ಸೊಸೆ ವಿಶಾಲು, ಸೇರಕ್ಕಿ ಒದೆಯುವ ಗಡಿಬಿಡಿಯಲ್ಲಿ ಆರತಿ ತಟ್ಟೆಯ ಓಕುಳಿಗೇ ಕಾಲಿಟ್ಟು ಒಳಗೆ ನಡೆದುಬಂದಿದ್ದಳು. ತಾನೂ ನಕ್ಕು ಅತ್ತೆಯನ್ನೂ ನಗಿಸಿದ್ದಳು. ಅವಳಿಗೆ ಡೈವೋರ್ಸ್ ಕೊಟ್ಟ ಮಗ ನಾಳೆ ಇನ್ನೊಬ್ಬಳನ್ನು ಕರೆತರುವವನಿದ್ದ.

“ಅಮ್ಮಾ, ಒಂದು ಗುರುತೂ ಉಳೀಬಾರ್ದು,” ಎಂದು ಮಗ ಕೋಣೆಯಿಂದಲೇ ಕೂಗಿದ.

ಕಾರ್ಪೆಟ್ ತೊಳೆಯಲು ಬಂದವನು ಎರಡು ಕ್ಯಾನ್ ಮುಂದಿಟ್ಟ. “ಇದು ಸೋಪಿಂದು ಅಮ್ಮ, ಈಗ್ಲೇ ಫಳಫಳ ಅನ್ನುತ್ತೆ. ಆದ್ರೆ ಅಂಟು ಉಳಿದು ಧೂಳು ಹಿಡಿಯುತ್ತೆ, ವಾರದಲ್ಲಿ ಕಲೆ ಮತ್ತೆ ಎದ್ದು ಕಾಣುತ್ತೆ. ಅದು ಸೋಪಿಲ್ಲದ್ದು. ಹೊತ್ತು ಹಿಡಿಯುತ್ತೆ, ಆದ್ರೆ ಕಲೆ ಹೋದ್ರೆ ಹೋದಂಗೇ. ನನ್ನ ಕೇಳಿದ್ರೆ ಅದೇ ಒಳ್ಳೇದು.”

ಅಂಬುಜಮ್ಮ ಕಿಟಕಿಯವರೆಗೆ ಹೋಗಿ ಬಂದರು. ಸೆರಗನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಮತ್ತೆ ಕಾಣಿಸಿದ್ರೆ, ಹೆಜ್ಜೆ ಥರಾನೇ ಕಾಣುತ್ತಾ?”

“ಹೂಂ ಅಮ್ಮ, ಬೆರಳುಗಳ ಸಮೇತ.”

ಅವರು ಮಗನ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬಂದರು.

“ಹಾಗಾದ್ರೆ ಸೋಪಿಂದೇ ಹಾಕಪ್ಪ.”