ದಿಬ್ಬದ ಮೇಲೆ ಒಂದು ಗಂಟೆ

ಎರಡು ದ್ವೀಪಗಳ ನಡುವಿನ ಹವಳದ ದಿಬ್ಬ ವರ್ಷಕ್ಕೊಮ್ಮೆ, ಸಮುದ್ರ ಪೂರ್ತಿ ಇಳಿದಾಗ, ಒಂದು ಗಂಟೆ ಹೊತ್ತು ನೀರಿನಿಂದ ಮೇಲೇಳುತ್ತದೆ. ಆ ದಿನ ಬೇಕರಿಯವಳು ಅಂಗಡಿಗೆ ಬೀಗ ಜಡಿದು, ಹಳೆಯ ಬೂಟು ಮೆಟ್ಟಿಕೊಂಡು, ಎಲ್ಲರಿಗಿಂತ ಮೊದಲು ದಿಬ್ಬದ ನಟ್ಟನಡುವೆ ಬಂದು ನಿಂತಳು. ಇದು ಹನ್ನೊಂದನೆಯ ವರ್ಷ.

ಸುತ್ತ ಎರಡೂ ಕಡೆಯ ಊರಿನವರು ನೆಂಟರನ್ನು ಕಂಡು ಹರಟುತ್ತಿದ್ದರು, ಹೊಸದಾಗಿ ಹುಟ್ಟಿದ ಕೂಸುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅವಳನ್ನು ಮಾತಾಡಿಸುವವರಿರಲಿಲ್ಲ. ಅವಳಿಗಿದ್ದವನು ಆಚೆ ದ್ವೀಪದಲ್ಲಿ ದೋಣಿ ಕಟ್ಟುವ ಅಣ್ಣನೊಬ್ಬನೇ. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಅವನು ಮಾತು ಬಿಟ್ಟಿದ್ದ. ಯಂತ್ರ ತುಕ್ಕು ಹಿಡಿದು ಗುಜರಿ ಸೇರಿತ್ತು, ಜಗಳ ಮಾತ್ರ ಗಟ್ಟಿಯಾಗಿತ್ತು.

ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ವಾರಕ್ಕೊಂದು ದೋಣಿ ಇದ್ದೇ ಇತ್ತು, ಆದರೆ ಹತ್ತಿದವರು ಸೋತಂತೆ. ದಿಬ್ಬ ಯಾರ ಮನೆಯೂ ಅಲ್ಲ, ಅಲ್ಲಿ ಸಿಕ್ಕರೆ ಯಾರ ಮೀಸೆಯೂ ಮಣ್ಣಾಗದು ಎಂದು ಅವಳ ಎಣಿಕೆ.

ನೀರು ಮರಳತೊಡಗಿತು, ಜನ ಚದುರಿದರು. ಆಗ ಆಚೆಯಿಂದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. ಅತ್ತಿಗೆ. ಬೇಕರಿಯವಳು ಎದುರಿಗೆ ಓಡಿದಳು.

"ಅಣ್ಣ ಹೇಗಿದಾನೆ?"

"ಚೆನ್ನಾಗೇ ಇದಾರಮ್ಮ. ಕಣ್ಣಿನ ಆಪರೇಷನ್ ಆಗಿದೆ, ಬಿಸಿಲಿಗೆ ಬರಬಾರದಂತೆ. ನೀನು ಬಂದಿದೀಯಾ ಅಂತ ನೋಡ್ಕೊಂಡು ಬರೋಕೆ ನನ್ನ ಕಳಿಸಿದ್ರು."

ಅಣ್ಣ ಪ್ರತಿ ವರ್ಷವೂ ದೋಣಿಮನೆಯ ಹಿಂದೆ ನಿಂತು ದುರ್ಬೀನಿನಲ್ಲಿ ನೋಡುತ್ತಿದ್ದನಂತೆ. ತಂಗಿ ಕಂಡಳೆಂದರೆ, ಇದಾಳೆ, ಸಾಕು ಎಂದು ಒಳಗೆ ಹೋಗಿ ನೆಮ್ಮದಿಯಾಗಿ ಉಣ್ಣುತ್ತಿದ್ದನಂತೆ. ಅತ್ತಿಗೆ ಇದನ್ನು ಗಂಡನ ದೊಡ್ಡ ಗುಣವೆಂಬಂತೆ ಹೇಳಿದಳು.

ಹತ್ತು ವರ್ಷವೂ ಬೇಕರಿಯವಳು ತನಗೆ ಯಾರೂ ಇಲ್ಲವೆಂದುಕೊಂಡು ಹೀಗೇ ಒಬ್ಬಳೇ ಹಿಂತಿರುಗಿದ್ದಳು, ಆ ದಿನ ತುತ್ತು ಮುಟ್ಟುತ್ತಿರಲಿಲ್ಲ. ಈಗ ಅಳುವೂ ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ನೀರು ಪಾದ ಮುಳುಗಿಸಿತ್ತು. ಅತ್ತಿಗೆ ಅವಸರಪಟ್ಟಳು.

"ನಾನಿನ್ನು ಹೊರಡ್ತೀನಿ. ಬಂದಿದ್ಲು, ಗಟ್ಟಿಮುಟ್ಟಾಗಿದಾಳೆ ಅಂತ ಹೇಳ್ತೀನಿ."

"ಬೇಡ ಅತ್ತಿಗೆ," ಎಂದಳು ಬೇಕರಿಯವಳು. "ಈ ವರ್ಷ ಬಂದಿರಲಿಲ್ಲ ಅನ್ನಿ. ಆಗಲಾದ್ರೂ ಹುಡುಕ್ಕೊಂಡು ಬರಲಿ."