ದ್ಯಾಮವ್ವನ ಸರದಿ

ಬೆಳಿಗ್ಗೆ ಆರಕ್ಕೆ ಕರೆಂಟು ಬಂತು. ದ್ಯಾಮವ್ವ, ಪಕ್ಕದ ಹೊಲದ ಫಕೀರಪ್ಪ ಇಬ್ಬರೂ ಕೂಡಿ ಕೊರೆಸಿದ್ದ ಬೋರಿನ ಮೋಟಾರು ತಾನಾಗಿಯೇ ಶುರುವಾಯಿತು. ಅಂದು ನೀರು ಹಾಯಿಸುವ ಸರದಿ ದ್ಯಾಮವ್ವನದು. ಮಳೆ ಕೈಕೊಟ್ಟ ಮೂರು ವಾರದಿಂದ ಅವಳ ಸರದಿಯಲ್ಲೂ ಫಕೀರಪ್ಪ ತನ್ನ ಈರುಳ್ಳಿ ಹೊಲದ ವಾಲ್ವನ್ನು ಗುಟ್ಟಾಗಿ ಅರ್ಧ ತೆರೆದಿಡುತ್ತಿದ್ದ. ಇವತ್ತು ಅದನ್ನು ಅವಳಿಗೆ ಹೇಳಿಬಿಡಬೇಕೆಂದು ಬದುವಿಗೆ ಬಂದರೆ ಅವಳೇ ಎದುರಾದಳು.

“ಯಕ್ಕಾ, ನೀರಿಂದು ಒಂದು ಮಾತೈತಿ...”

“ನಂದೂ ಅದ ಐತಿ ತಮ್ಮಾ. ಅರ್ಧ ಹೊಲಕ್ಕೂ ನೀರ ಮುಟ್ಟವಲ್ದು, ನನ್ನ ಹಣೇಬರಾನ ಅಷ್ಟು. ನಿನ್ನೆ ಮೆಣಸಿನಗಿಡ ಅಷ್ಟೂ ಕಿತ್ತ ಒಗದ್ನಿ. ನನ್ನ ಸರದೀನೂ ಇನ್ನ ನೀನ ತಗೋ. ನಿನ್ನ ಉಳ್ಳಾಗಡ್ಡಿಯರ ಬದುಕ್ಲಿ.”

ಫಕೀರಪ್ಪ ಹಿಂದಿರುಗಿ ತನ್ನ ವಾಲ್ವನ್ನು ಪೂರ್ತಿ ಮುಚ್ಚಿದ.

ಏಳು ಗಂಟೆಯ ಹೊತ್ತಿಗೆ ದ್ಯಾಮವ್ವನ ಬರಿದಾದ ಹೊಲದಲ್ಲಿ ಕಡೇ ಸಾಲಿನವರೆಗೂ ನೀರು ಹರಿದಿತ್ತು.